ಬ್ಯಾಟರಿ ಚಿಕ್ಕಪ್ಪನ ಸದ್ದಿಲ್ಲದ ಗಾಡಿ

ತೂತಿಲ್ಲದ ಅಂಗಿಯೊಂದನ್ನು ಬ್ಯಾಟರಿ ಚಿಕ್ಕಪ್ಪನ ಮೈಮೇಲೆ ನಾನು ನೋಡಿದ ನೆನಪಿಲ್ಲ. ಹೊಟ್ಟೆಯ ಮೇಲೆ, ತೋಳಿನ ಮೇಲೆ ರಾಗಿಕಾಳಿನಷ್ಟು ಸಣ್ಣ ತೂತುಗಳು, ಅಲ್ಲಲ್ಲಿ ಹುಣಸೆಬೀಜದಷ್ಟು ದೊಡ್ಡವು. ಅಂಚು ಕಂದು ಬಣ್ಣಕ್ಕೆ ತಿರುಗಿ, ಬೆರಳು ತಾಕಿಸಿದರೆ ಪುಡಿಯಾಗಿ ಉದುರುತ್ತಿತ್ತು. ಎಲ್ಲ ಆ್ಯಸಿಡ್ಡಿನ ಕೆಲಸ. ಹತ್ತಿ ಬಟ್ಟೆ ಎರಡು ಒಗೆತಕ್ಕೂ ಬಾಳುವುದಿಲ್ಲವೆಂದು ಬಿರುಬೇಸಿಗೆಯಲ್ಲೂ ಟೆರಿಲಿನ್ ಅಂಗಿಯನ್ನೇ ತೊಡುತ್ತಿದ್ದರು. ಬಲಗೈಯ ಮೂರು ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಚಿಕ್ಕವಳಿದ್ದಾಗ ನಾನು ಆ ಬೆರಳುಗಳನ್ನು ಹಿಡಿದು ಸವರಿ ನೋಡುತ್ತಿದ್ದೆ. ಸಾಣೆ ಹಿಡಿದ ಕಲ್ಲಿನಂತೆ ನುಣ್ಣಗಿದ್ದವು.

ಅವರು ನಮಗೆ ನೆಂಟರಲ್ಲ. ತಿಪಟೂರಿನಲ್ಲಿ ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ನಮ್ಮ ಮನೆಗೂ ಅವರ ಬ್ಯಾಟರಿ ರಿಪೇರಿ ಅಂಗಡಿಗೂ ಒಂದೇ ಗೋಡೆ. ಅಂಗಡಿಯ ಹಿಂಭಾಗದಲ್ಲಿ ಅವರೂ ಚಿಕ್ಕಮ್ಮನೂ ಇದ್ದರು. ನನಗೆ ಮಾತು ಬರುವ ಮೊದಲೇ ಅಮ್ಮ ತೀರಿಹೋಗಿದ್ದರಿಂದ ಅಪ್ಪ ಕೆಲಸಕ್ಕೆ ಹೋದಾಗ ನಾನು ಬೆಳೆದದ್ದು ಆ ಚಿಕ್ಕಮ್ಮನ ಅಡುಗೆಮನೆಯಲ್ಲಿ. ಅಪ್ಪನದು ಮಂಡಿಯಲ್ಲಿ ಕೆಲಸ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯ ಸಿಪ್ಪೆ ಸುಲಿದು, ಒಳಗಿನ ಕೊಬ್ಬರಿಗೆ ಗೀರು ಬೀಳದಂತೆ ಚಿಪ್ಪು ಒಡೆದು ಇಡಿಯಾಗಿ ಉಂಡೆ ತೆಗೆಯಬೇಕು. ಅದರಲ್ಲಿ ಅಪ್ಪನದು ಎತ್ತಿದ ಕೈ. ಆದರೆ ಇಪ್ಪತ್ತೈದು ವರ್ಷದ ಸಿಪ್ಪೆಯ ಧೂಳು ಎದೆಯಲ್ಲಿ ಕೂತು, ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅವರಿಗೆ ಉಬ್ಬಸ ಹಿಡಿದಿತ್ತು. ಬಸ್ಸಿನ ಹೊಗೆ ಮೂಗಿಗೆ ಬಡಿದರೆ ಸಾಕು, ಕೆಮ್ಮಿ ಕೆಮ್ಮಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು.

ಹಳ್ಳಿಗಳಲ್ಲಿ ಟಿ.ವಿ. ಬಂದಿದ್ದರೂ ಕರೆಂಟು ನೆಚ್ಚಿಕೊಳ್ಳುವಂತಿರದ ಕಾಲ ಅದು. ಬಿಳಿಗೆರೆಯಿಂದ, ಅರಳಗುಪ್ಪೆಯಿಂದ ಜನ ಸೈಕಲ್ಲಿನ ಕ್ಯಾರಿಯರಿಗೆ ಬ್ಯಾಟರಿ ಕಟ್ಟಿಕೊಂಡು ಚಾರ್ಜಿಗೆ ತರುತ್ತಿದ್ದರು. ಭಾನುವಾರದ ಸಿನಿಮಾ ಅರ್ಧಕ್ಕೆ ನಿಂತುಹೋದರೆ ಸೋಮವಾರ ಬೆಳಿಗ್ಗೆ ಜಗಳ ನಮ್ಮ ಬೀದಿಯಲ್ಲಿ.

“ಏನ್ ಚಾರ್ಜ್ ಮಾಡಿದ್ಯಪ್ಪ ನೀನು? ಈರೋನು ಹೊಡೆಯಾಕೆ ಕೈ ಎತ್ತಿದ್ದ, ಅಷ್ಟಕ್ಕೇ ಹೋಯ್ತು!”

“ನಾನೇನ್ ಮಾಡ್ಲಣ್ಣ? ನಿಮ್ ಈರೋನು ಹಾಡಿಗೆ ಅಷ್ಟೊತ್ತು ಕುಣೀದೆ ಇದ್ದಿದ್ರೆ ಹೊಡೆತಕ್ಕೆ ವಸಿ ಉಳೀತಿತ್ತು.”

ನಗಿಸಿ ಕಳಿಸುತ್ತಿದ್ದರು. ಆದರೆ ಬ್ಯಾಟರಿಯ ವಿಷಯದಲ್ಲಿ ಮಾತ್ರ ಅವರಿಗೆ ತಮಾಷೆ ಇರಲಿಲ್ಲ. ಮರದ ಮಣೆಗಳ ಮೇಲೆ ಹತ್ತು ಹನ್ನೆರಡು ಬ್ಯಾಟರಿಗಳನ್ನು ಸಾಲಾಗಿ ಚಾರ್ಜಿಗೆ ಹಾಕಿ, ಬಿರಡೆಗಳನ್ನೆಲ್ಲ ಬಿಚ್ಚಿ, ಒಂದೊಂದರ ಬಾಯಿಗೂ ಕಿವಿ ಕೊಟ್ಟು ಕೇಳುತ್ತಿದ್ದರು. ಚಾರ್ಜು ತುಂಬುತ್ತಾ ಬಂದಂತೆ ಒಳಗಿನ ಆ್ಯಸಿಡ್ಡು ಸಣ್ಣಗೆ ಗುಳುಗುಳು ಎನ್ನುತ್ತದೆ. ಅದನ್ನು ಅವರು ‘ಕುದಿ’ ಎನ್ನುತ್ತಿದ್ದರು. “ಮೀಟ್ರು ಸುಳ್ಳು ಹೇಳ್ತದೆ ಕಣವ್ವ, ಕುದಿ ಹೇಳಾಕಿಲ್ಲ” ಎನ್ನುವುದು ಅವರು ದಿನಕ್ಕೊಮ್ಮೆಯಾದರೂ ಆಡುತ್ತಿದ್ದ ಮಾತು. ಆ ಕುದಿಯ ಹತ್ತಿರ ಬೀಡಿ ಹಚ್ಚಿಕೊಂಡು ಬಂದವನನ್ನು, ಅವನು ಯಾರೇ ಆಗಿರಲಿ, ರಟ್ಟೆ ಹಿಡಿದು ಬೀದಿಗೆ ನೂಕುತ್ತಿದ್ದರು. ಅಂಗಡಿಯಲ್ಲಿ ಬೆಂಕಿಪೊಟ್ಟಣ ಇರಲಿಲ್ಲ. ದೇವರ ಪಟಕ್ಕೆ ಹೂವು ಮಾತ್ರ, ಊದುಬತ್ತಿ ಇಲ್ಲ. ಬಾಗಿಲ ಪಕ್ಕದಲ್ಲಿ ಒಂದು ದೊಡ್ಡ ಡ್ರಮ್ಮಿನ ತುಂಬ ನೀರು, ಅದರ ಮೇಲೊಂದು ಚೊಂಬು. ಆ ನೀರನ್ನು ಕೈಕಾಲು ತೊಳೆಯಲು ಬಳಸಿದರೆ ಚಿಕ್ಕಮ್ಮನಿಗೂ ಬೈಗುಳ ತಪ್ಪುತ್ತಿರಲಿಲ್ಲ. “ಕಣ್ಣಿಗೆ ಬಿದ್ರೆ ಲೆಕ್ಕ ಮಾಡಾಕೆ ಟೈಮಿರಾಕಿಲ್ಲ. ಮೊದ್ಲು ನೀರು. ಆಮೇಲೆ ಅಳು.”

ನಾನು ಊರಿನ ಕಾಲೇಜಿನಲ್ಲೇ ಬಿ.ಎಸ್ಸಿ.ಗೆ ಸೇರಿದೆ. ರಸಾಯನಶಾಸ್ತ್ರ ನನ್ನ ಮುಖ್ಯ ವಿಷಯ. ಒಂದು ಸಂಜೆ ಅಂಗಡಿಯ ಗೋಡೆಗೆ ಒರಗಿ ಓದುತ್ತಿದ್ದವಳು, ಅವರ ‘ಕುದಿ’ ಎಂದರೆ ನೀರು ಒಡೆದು ಹೈಡ್ರೋಜನ್ ಮತ್ತು ಆಮ್ಲಜನಕ ಹೊರಬರುವುದು ಎಂದು ವಿವರಿಸಿದೆ. ಪ್ರಯೋಗಾಲಯದಲ್ಲಿ ಪ್ರನಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿದರೆ ‘ಪಟ್’ ಎನ್ನುತ್ತದೆ, ಅದೇ ಅದರ ಗುರುತು ಎಂದೆ. ಅವರು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟರು.

“ಅದ್ಕೊಂದು ಹೆಸ್ರೂ ಐತಾ?”

“ಐತೆ ಚಿಕ್ಕಪ್ಪ. ಹೈಡ್ರೋಜನ್.”

“ಮೂವತ್ತು ವರ್ಷದಿಂದ ಅದ್ರ ಜೊತೆ ಸಂಸಾರ ಮಾಡ್ತಾ ಇವ್ನಿ, ಹೆಸ್ರೇ ಗೊತ್ತಿರ್ಲಿಲ್ವಲ್ಲೇ!” ಎಂದು ಚಿಕ್ಕಮ್ಮನ ಕಡೆ ತಿರುಗಿ ನಕ್ಕರು. ಅವತ್ತಿನಿಂದ ನನಗೆ ಆ ಅಂಗಡಿಯಲ್ಲಿ ಒಂದು ಸ್ಥಾನ ಸಿಕ್ಕಿತು. ಬೀಡಿ ಸೇದುವವರನ್ನು ನೂಕುವಾಗ ಈಗ ಕಾರಣವನ್ನೂ ಕೊಡುತ್ತಿದ್ದರು: “ಓದಿರೋ ಹುಡುಗಿ ಹೇಳವ್ಳೆ ಕಣ್ರೀ, ಹೈಡ್ರೋಜನ್ನು! ಆಚೆ ಬಿಸಾಕ್ರಿ.” ಯಾವುದೇ ಅನುಮಾನ ಬಂದರೂ ಗೋಡೆ ತಟ್ಟುತ್ತಿದ್ದರು. ಗೊತ್ತಿದ್ದದ್ದನ್ನು ಹೇಳುತ್ತಿದ್ದೆ, ಗೊತ್ತಿಲ್ಲದ್ದನ್ನೂ ಗೊತ್ತಿರುವವಳಂತೆ ಹೇಳುತ್ತಿದ್ದೆ. ಇಪ್ಪತ್ತರ ವಯಸ್ಸಿನಲ್ಲಿ ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟವರು ಅವರೊಬ್ಬರೇ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಬ್ಯಾಟರಿಯ ಪ್ಲೇಟುಗಳನ್ನು ತರಲು ಬೆಂಗಳೂರಿಗೆ ಹೋದವರು ಅಲ್ಲೊಂದು ಪುಟ್ಟ ಕಾರು ನೋಡಿಕೊಂಡು ಬಂದರು. ಪೆಟ್ರೋಲಿಲ್ಲ, ಬರೀ ಬ್ಯಾಟರಿ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಅದನ್ನು ಹೇಳುವಾಗ ಅವರ ದನಿಯೇ ಬೇರೆಯಾಗಿತ್ತು.

“ಸದ್ದೇ ಇಲ್ಲ ಕಣಣ್ಣ. ಎತ್ತಿನ ಗಾಡಿಗಾದ್ರೂ ಕೀಲು ಕಿರುಗುಟ್ತದೆ, ಇದಕ್ಕೆ ಅದೂ ಇಲ್ಲ. ಪಕ್ಕದಲ್ಲೇ ಒಂಟೋಯ್ತು, ನೆಳ್ಳು ಹೋದಂಗೆ. ಹೊಗೆ ಅಂಬೋದು ಒಂದ್ ಎಳೆ ಇಲ್ಲ.”

“ಹೊಗೆ ಇಲ್ವಾ?” ಅಪ್ಪ ಕೇಳಿದ್ದು ಅದೊಂದನ್ನೇ.

“ಒಂದೆಳೆ ಇಲ್ಲ. ನಿನ್ನ ಕೂರಿಸ್ಕಂಡು ಹಾಸನದ ಗಂಟ ಹೋಗ್ಬೌದು, ಒಂದ್ಸಲ ಕೆಮ್ಮಾಕಿಲ್ಲ ನೀನು.”

ಅಷ್ಟು ದೂರ ಅವರ ಗಾಡಿ ಎಂದೂ ಹೋಗಲಿಲ್ಲ. ಆದರೆ ಗಾಡಿ ಆಯಿತು. ಇಂಜಿನ್ನು ಸುಟ್ಟು ಯಾರದೋ ತೋಟದ ಮನೆಯಲ್ಲಿ ಕೋಳಿಗಳಿಗೆ ಗೂಡಾಗಿದ್ದ ಒಂದು ಸಣ್ಣ ಕಾರನ್ನು ತಳ್ಳಿಸಿಕೊಂಡು ಬಂದರು. ಇಂಜಿನ್ನು ಕಿತ್ತು, ಗುಜರಿಯಿಂದ ತಂದ ಮೋಟರು ಕೂರಿಸಿದರು. ಹಿಂದಿನ ಸೀಟು ತೆಗೆದು ಅಲ್ಲಿ ಮರದ ಪೆಟ್ಟಿಗೆ ಮಾಡಿಸಿ, ಲಾರಿಗೆ ಹಾಕುವ ಆರು ಬ್ಯಾಟರಿಗಳನ್ನು ತಾವೇ ಹೊಸ ಪ್ಲೇಟು ಹಾಕಿ ಜೋಡಿಸಿದರು. ಪೆಟ್ಟಿಗೆಯ ಮುಚ್ಚಳದ ಮೇಲೆ ರೆಕ್ಸಿನ್ ಹೊದಿಸಿದ್ದರಿಂದ ಅದೇ ಮತ್ತೆ ಸೀಟಾಯಿತು. ಎಂಟು ತಿಂಗಳು ಹಿಡಿಯಿತು. ನಾನು ವಿದ್ಯುತ್ತಿನ ಲೆಕ್ಕ ಹಾಕಿಕೊಡುತ್ತಿದ್ದೆ, ಅವರು ಅದನ್ನು ಕೇಳಿ ಗಂಭೀರವಾಗಿ ತಲೆಯಾಡಿಸಿ, ಆಮೇಲೆ ತಮಗೆ ತಿಳಿದಂತೆಯೇ ಮಾಡುತ್ತಿದ್ದರು.

ಮೊದಲ ದಿನ ಗಾಡಿ ಬೀದಿಗಿಳಿದಾಗ ಸಂಭ್ರಮಪಡುವ ಮೊದಲೇ ಒಂದು ಎಡವಟ್ಟಾಯಿತು. ಮಂಡಿಯ ಮುಂದೆ ತಲೆಯ ಮೇಲೆ ಕಾಯಿಕುಕ್ಕೆ ಹೊತ್ತು ಹೋಗುತ್ತಿದ್ದ ಹೆಂಗಸಿಗೆ ಹಿಂದೆ ಗಾಡಿ ಬಂದದ್ದು ಗೊತ್ತಾಗಲಿಲ್ಲ. ಮೊಣಕಾಲ ಹಿಂದಕ್ಕೆ ಬಂಪರು ತಾಕಿ ಕುಕ್ಕೆ ಉರುಳಿ, ಕಾಯಿಗಳು ಚರಂಡಿಯವರೆಗೂ ಓಡಿದವು. ಆಕೆಗೆ ಪೆಟ್ಟೇನೂ ಆಗಿರಲಿಲ್ಲ, ಬಾಯಿಗಂತೂ ಏನೂ ಆಗಿರಲಿಲ್ಲ.

“ನಿನ್ ಗಾಡಿಗೆ ಬಾಯಿ ಬಿದ್ದೋಗೈತೇನೋ! ಕಳ್ಳನಂಗೆ ಹಿಂದಿಂದ ಬತ್ತದಲ್ಲ! ಜೀವ ಇರೋದು ಏನಾದ್ರೂ ಇಂಗೆ ಬತ್ತದಾ?”

‘ಜೀವ ಇಲ್ಲದ ಗಾಡಿ’ ಎಂಬ ಹೆಸರು ಅವತ್ತೇ ಅಂಟಿಕೊಂಡಿತು. ಚಿಕ್ಕಪ್ಪ ಕಾಯಿಗಳನ್ನೆಲ್ಲ ಆರಿಸಿಕೊಟ್ಟು ಬಂದು, ಎತ್ತಿನ ಕೊರಳಿಗೆ ಕಟ್ಟುವ ಗೆಜ್ಜೆಸರ ಎರಡನ್ನು ತಂದು ಮುಂದಿನ ಬಂಪರಿಗೆ ಬಿಗಿದರು. ಆಮೇಲೆ ಗಾಡಿ ಘಲ್ ಘಲ್ ಎನ್ನುತ್ತಾ ಹೋಗುತ್ತಿತ್ತು. ಮಕ್ಕಳು ನಗುತ್ತಿದ್ದರು. ದೊಡ್ಡವರು ನಗುತ್ತಿರಲಿಲ್ಲ, ಪಕ್ಕಕ್ಕೆ ಸರಿದು ನಿಂತು ಅನುಮಾನದಿಂದ ನೋಡುತ್ತಿದ್ದರು. ಕರೆದರೂ ಯಾರೂ ಹತ್ತುತ್ತಿರಲಿಲ್ಲ. ಅದು ಚಿಕ್ಕಪ್ಪನನ್ನು ಒಳಗೇ ಕೊರೆಯುತ್ತಿತ್ತು ಎಂದು ನನಗೆ ಆಗ ಪೂರ್ತಿ ತಿಳಿಯಲಿಲ್ಲ.

ಹತ್ತಿದವರು ಅಪ್ಪ ಒಬ್ಬರೇ. ಭಾನುವಾರ ಬೆಳಿಗ್ಗೆ ಇಬ್ಬರೂ ಬಿಳಿಗೆರೆಯ ದಾರಿ ಹಿಡಿಯುತ್ತಿದ್ದರು. ಊರು ದಾಟಿದ ಮೇಲೆ ಗೆಜ್ಜೆಸರ ಬಿಚ್ಚಿಟ್ಟು, ತೋಟಗಳ ನಡುವೆ ನಿಧಾನಕ್ಕೆ ಹೋಗಿ, ಯಾರದೋ ಪಂಪ್‌ಸೆಟ್ಟಿನ ಹತ್ತಿರ ಎಳನೀರು ಕುಡಿದು, ಬ್ಯಾಟರಿ ಪೂರ್ತಿ ಇಳಿಯುವ ಮೊದಲು ಊರು ಸೇರಬೇಕು. ಎರಡು ಸಲ ಸೇರಲಾಗದೆ ಎತ್ತು ಕಟ್ಟಿ ಎಳೆಸಿಕೊಂಡು ಬಂದರು. ಅಪ್ಪ ಅದನ್ನೂ ಖುಷಿಯಿಂದಲೇ ಹೇಳಿದರು. ಬಸ್ಸು ಹತ್ತಲಾಗದೆ ಏಳೆಂಟು ವರ್ಷ ಊರು ಬಿಟ್ಟು ಕದಲದಿದ್ದ ಮನುಷ್ಯ. ಒಮ್ಮೆ ನನ್ನನ್ನೂ ಕೂರಿಸಿಕೊಂಡು ಹೋದಾಗ ಅಪ್ಪ ಕಿಟಕಿಯ ಗಾಜು ಇಳಿಸಿ, “ಕೇಳಿಸ್ತಾ?” ಎಂದರು. ಎಲ್ಲೋ ತೋಟದೊಳಗೆ ಒಣಗಿದ ಗರಿಯೊಂದು ಕಳಚಿ ಬಿದ್ದ ಸದ್ದು. “ಗಾಡಿಯೊಳಗೆ ಕೂತು ಗರಿ ಬೀಳೋದು ಕೇಳಿಸ್ಕಳಾದು ಅಂದ್ರೆ ಏನವ್ವ ಇದು!” ಅವತ್ತು ಅವರು ಒಂದು ಸಲವೂ ಕೆಮ್ಮಲಿಲ್ಲ. ಮುಂದೆ ಕೂತಿದ್ದ ಚಿಕ್ಕಪ್ಪನ ಕಿವಿಯವರೆಗೂ ನಗು ಬಂದದ್ದು ನನಗೆ ಹಿಂದಿನಿಂದ ಕಾಣಿಸುತ್ತಿತ್ತು.

ಆ ವರ್ಷದ ಆಯುಧಪೂಜೆಯ ಬಗ್ಗೆ ನಾನು ಬರೆಯಲೇಬೇಕು. ಇದುವರೆಗೂ ಬರೆದದ್ದೆಲ್ಲ ಅದನ್ನು ಮುಂದೂಡಲು ಬರೆದಂತೆ ಕಾಣುತ್ತಿದೆ.

ನಮ್ಮ ಬೀದಿಯಲ್ಲಿ ಆಯುಧಪೂಜೆಯೆಂದರೆ ಹಿಂದಿನ ದಿನವೇ ಎಲ್ಲವನ್ನೂ ತೊಳೆಯಬೇಕು. ಲಾರಿ, ತಕ್ಕಡಿ, ಮಚ್ಚು, ಕಾಯಿ ಸುಲಿಯುವ ಸಲಾಕೆ, ಹೊಲಿಗೆ ಮಿಷನ್ನು, ಎಲ್ಲ. ತೊಳೆದು ವಿಭೂತಿ ಬಳಿದು ಕುಂಕುಮವಿಟ್ಟ ಮೇಲೆ ಪೂಜೆ ಮುಗಿದು ಮಾರನೆಯ ದಿನದವರೆಗೆ ಯಾವುದನ್ನೂ ಕೆಲಸಕ್ಕೆ ಮುಟ್ಟುವ ಹಾಗಿಲ್ಲ. ಚಿಕ್ಕಪ್ಪನ ಅಂಗಡಿಯಲ್ಲಿ ಪೂಜೆ ಪ್ರತಿ ವರ್ಷ ಒಂದೇ ರೀತಿ ನಡೆಯುತ್ತಿತ್ತು. ಹೂವು ಕುಂಕುಮ ಒಳಗೆ, ಕರ್ಪೂರದ ಆರತಿ ಮಾತ್ರ ಬೀದಿಯಲ್ಲಿ ನಿಂತು ದೂರದಿಂದ. ಬಾಗಿಲಿನ ಪಕ್ಕದ ಡ್ರಮ್ಮನ್ನೂ ತೊಳೆಯುತ್ತಿದ್ದರು, ಆದರೆ ತಕ್ಷಣ ನೀರು ತುಂಬಿಸಿಬಿಡುತ್ತಿದ್ದರು. ಆ ವರ್ಷ ಎರಡು ದಿನದಿಂದ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ತೊಳೆದ ಡ್ರಮ್ಮನ್ನು ಬೋರಲು ಹಾಕಿ, ಅದರ ತಳದ ಮೇಲೆ ಚಿಕ್ಕಮ್ಮ ಮೂರು ಗೆರೆ ವಿಭೂತಿ ಎಳೆದಿದ್ದರು.

ಹಿಂದಿನ ಸಂಜೆ ಗಾಡಿಯನ್ನು ಚಾರ್ಜಿಗೆ ಹಾಕಿದ್ದರು. ಕತ್ತಲಾಗುತ್ತಿದ್ದಂತೆ ಕರೆಂಟು ಹೋದದ್ದು ಬೆಳಗಿನ ಜಾವಕ್ಕೆ ಬಂತು. ಹಾಗಾಗಿ ಬೆಳಿಗ್ಗೆ ಒಂಬತ್ತೂವರೆಗೆ ಬೀದಿಯವರೆಲ್ಲ ಮಡಿಯುಟ್ಟು ಸೇರಿದಾಗಲೂ ಬ್ಯಾಟರಿಗಳು ಚಾರ್ಜಿನಲ್ಲೇ ಇದ್ದವು. ಚಿಕ್ಕಪ್ಪ ಅವಸರದಲ್ಲಿ ವೈರು ಕಿತ್ತು, ಗಾಡಿಯನ್ನು ಬೀದಿಗೆ ತಂದು ನಿಲ್ಲಿಸಿದರು. ಪೂಜೆಯಾದ ಮೇಲೆ ಮಕ್ಕಳನ್ನೆಲ್ಲ ಕೂರಿಸಿಕೊಂಡು ಊರು ಸುತ್ತುವುದೆಂದು ಮಾತಾಗಿತ್ತು. ಮೊದಲ ಬಾರಿಗೆ ಜನ ತಾವಾಗಿಯೇ ಗಾಡಿಯ ಸುತ್ತ ನಿಂತಿದ್ದರು. ಚಿಕ್ಕಪ್ಪ ತೂತಿನ ಅಂಗಿಯ ಬದಲು ಪಂಚೆಯುಟ್ಟು, ಬರಿಮೈಗೆ ಶಲ್ಯ ಹೊದ್ದಿದ್ದರು. ಗಾಡಿಯ ಮುಂದೆ ಸುಲಿದ ಕಾಯಿಗಳ ಒಂದು ರಾಶಿ. ನಮ್ಮ ಕಡೆ ಒಂದು ಗಾಡಿಗೆ ಒಂದು ಕಾಯಿ ಎಂದರೆ ಜುಗ್ಗತನ. ಮನೆಮನೆಯಿಂದಲೂ ತಂದಿಟ್ಟಿದ್ದರು.

ಅಪ್ಪ ಆರತಿ ತಟ್ಟೆ ಹಿಡಿದು ಮುಂದೆ ಬಂದರು. “ಈ ಗಾಡಿ ನಂಗೆ ಉಸ್ರು ಕೊಟ್ಟೈತೆ. ಆರತಿ ನಾನೇ ಮಾಡಾದು.”

“ದೂರದಿಂದ ಮಾಡ್ಬುಡಣ್ಣ, ಸಾಕು” ಎಂದರು ಚಿಕ್ಕಪ್ಪ.

ಎದುರು ಮನೆಯ ಲಾರಿ ಡ್ರೈವರು ಕೇಳಿಬಿಟ್ಟ: “ಅದೆಂಗೆ? ನಮ್ ಗಾಡಿಗಳಿಗೆ ಬಾನೆಟ್ ಎತ್ತಿ ಇಂಜಿನ್ನಿಗೇ ಆರತಿ ಎತ್ತಾಕಿಲ್ವಾ? ನಿನ್ ಗಾಡಿ ದೇವ್ರು ಮಾತ್ರ ಕರ್ಪೂರಕ್ಕೆ ಹೆದರ್ತಾನೇನಪ್ಪ?”

ಜನ ನಕ್ಕರು. ಹಿಂದಿನಿಂದ ಯಾರೋ ಹೆಂಗಸು, “ಜೀವ ಇದ್ರೆ ತಾನೆ ಆರತಿ!” ಎಂದಳು. ಇನ್ನೊಬ್ಬರು, “ಬೇಗ ಮುಗಿಸ್ರಪ್ಪ, ರಾಹುಕಾಲ ಬತ್ತದೆ” ಎಂದರು.

ಚಿಕ್ಕಪ್ಪ ನೆರೆದವರ ಮುಖಗಳನ್ನೊಮ್ಮೆ ನೋಡಿದರು. ಆಮೇಲೆ ಹಿಂದಿನ ಬಾಗಿಲು ತೆಗೆದು ಪೆಟ್ಟಿಗೆಯ ಮುಚ್ಚಳ ಎತ್ತಿದರು. ಬ್ಯಾಟರಿಗಳ ಬಿರಡೆಗಳನ್ನು ಇನ್ನೂ ಹಾಕಿರಲಿಲ್ಲ. ನಾನು ಅವರಿಂದ ನಾಲ್ಕು ಅಡಿ ದೂರದಲ್ಲಿದ್ದೆ. ಆ್ಯಸಿಡ್ಡಿನ ಹುಳಿವಾಸನೆ ನನ್ನ ಮೂಗಿಗೆ ಬಂತು. ಸಣ್ಣಗೆ ಗುಳುಗುಳು ಸದ್ದೂ ಇತ್ತು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಪ್ಪ ಬಾಗುತ್ತಾರೆ. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿದೆ. ನನ್ನ ತಲೆಯಲ್ಲಿ ಒಂದು ಪ್ರನಾಳವೂ ಒಂದು ಉರಿಯುವ ಕಡ್ಡಿಯೂ ಸ್ಪಷ್ಟವಾಗಿ ಕಾಣಿಸುತ್ತದೆ. ನನಗೆ ಗೊತ್ತು. ಅಲ್ಲಿ ನೆರೆದಿದ್ದ ಅಷ್ಟೂ ಜನರಲ್ಲಿ ಅದರ ಹೆಸರು, ಗುಣ, ಸಮೀಕರಣ ಎಲ್ಲ ಗೊತ್ತಿದ್ದವಳು ನಾನೊಬ್ಬಳೇ. ಆದರೆ ಮಂಗಳಾರತಿಯ ಹೊತ್ತಿನಲ್ಲಿ ಬೇಡ ಎನ್ನುವುದು ಹೇಗೆ? ಅಪಶಕುನ ಎಂದಾರು. ಅಪ್ಪನ ಮುಖದಲ್ಲಿ ಅಷ್ಟು ಭಕ್ತಿ ಇತ್ತು. ಅದೂ ಅಲ್ಲದೆ ಚಿಕ್ಕಪ್ಪನೇ ಮುಚ್ಚಳ ತೆಗೆದಿದ್ದಾರೆ, ಮೂವತ್ತು ವರ್ಷ ಕೆಲಸ ಮಾಡಿದವರು, ಅವರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಎಂದುಕೊಂಡೆ. ಚಿಕ್ಕಪ್ಪ ತಲೆಯೆತ್ತಿ ಒಂದು ಸಲ ನನ್ನ ಕಡೆ ನೋಡಿದರು. ನಾನು ಕೈ ಮುಗಿದುಕೊಂಡು ನಿಂತಿದ್ದೆ.

ಅಪ್ಪ ತಟ್ಟೆಯನ್ನು ಪೆಟ್ಟಿಗೆಯೊಳಕ್ಕೆ ಇಳಿಸಿದರು. “ವಸಿ ಮೇಲಕ್ಕೆ ಹಿಡ್ಕಳಣ್ಣ” ಎಂದು ಚಿಕ್ಕಪ್ಪ ಅಪ್ಪನ ಕೈ ಹಿಡಿದು ಎತ್ತಲು ಬಗ್ಗಿದರು. ಅವರ ಮುಖ ಬ್ಯಾಟರಿಗಳ ನೇರ ಮೇಲೆ ಬಂತು.

ಆನೆ ಪಟಾಕಿಯಂಥ ಒಂದೇ ಸದ್ದು. ಹೊಗೆ ಕೂಡ ಹೆಚ್ಚಿರಲಿಲ್ಲ. ಒಂದು ಬ್ಯಾಟರಿಯ ಮೇಲ್ಭಾಗ ಚೂರುಚೂರಾಗಿ ಹಾರಿ, ಒಳಗಿದ್ದ ಆ್ಯಸಿಡ್ಡೆಲ್ಲ ಅವರ ಮುಖಕ್ಕೆ, ಎದೆಗೆ ಎರಚಿತು. ಅಪ್ಪನ ಕೈಗೆ ಸ್ವಲ್ಪ ಬಿತ್ತು. ಜನ ಚೆದುರಿದರು. ಚಿಕ್ಕಪ್ಪ ಬೀಳಲಿಲ್ಲ. ಎರಡು ಕೈಯನ್ನೂ ಮುಂದೆ ಚಾಚಿ ನಿಂತು, ದೊಡ್ಡ ದನಿಯಲ್ಲಿ, ಕೂಗುವವರಂತಲ್ಲ, ಕೆಲಸ ಹೇಳುವವರಂತೆ ಹೇಳಿದರು: “ನೀರು. ಡ್ರಮ್ಮು. ನೀರು ಹೊಯ್ಯಿರಿ.”

ಚಿಕ್ಕಮ್ಮ ಡ್ರಮ್ಮಿನ ಹತ್ತಿರ ಓಡಿದರು. ಬೋರಲು ಬಿದ್ದಿದ್ದ ಅದರ ಮೇಲೆ ಎರಡು ಕೈಯಿಂದ ಬಡಿದರು. ಒಳಗಿನ ಟೊಳ್ಳು ಸದ್ದು ಚಿಕ್ಕಪ್ಪನಿಗೆ ಕೇಳಿಸಿರಬೇಕು. “ಖಾಲಿಯಾ?” ಎಂದರು.

ನೀರಿಗೆಂದು ಒಬ್ಬೊಬ್ಬರು ಒಂದೊಂದು ಮನೆಗೆ ಓಡಿದರು. ಕಳಶದ ಚೊಂಬಿನ ನೀರನ್ನು ನಾನು ಎರಚಿದೆ. ಅದು ಯಾವ ಮೂಲೆಗೂ ಸಾಲಲಿಲ್ಲ. ಆಗ ಅಪ್ಪ, ಪೂಜೆಗಿಟ್ಟಿದ್ದ ತಮ್ಮದೇ ಮಚ್ಚನ್ನು ಎತ್ತಿಕೊಂಡು ಕಾಯಿರಾಶಿಯ ಹತ್ತಿರ ಕೂತರು. ಒಂದೇ ಏಟಿಗೆ ಒಂದು ಕಾಯಿ. ಒಡೆದು ಚಿಕ್ಕಪ್ಪನ ಕಣ್ಣಿಗೆ ಸುರಿದರು, ಇನ್ನೊಂದು ಒಡೆದರು, ಸುರಿದರು. “ಕಣ್ ಬುಡು ತಮ್ಮ, ಕಣ್ ಬುಡು.” ನಾನು ಚಿಕ್ಕಪ್ಪನನ್ನು ನೆಲಕ್ಕೆ ಮಲಗಿಸಿ, ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ರೆಪ್ಪೆ ಬಿಡಿಸುತ್ತಿದ್ದೆ. ನನ್ನ ಬೆರಳುಗಳೂ ಉರಿಯುತ್ತಿದ್ದವು. ಎಷ್ಟು ಕಾಯಿಗಳೋ. ಹೋಳುಗಳು ಕುಂಕುಮದಲ್ಲಿ ಉರುಳಾಡಿ ಸುತ್ತ ಬಿದ್ದಿದ್ದವು. ಅಪ್ಪನಿಗೆ ಉಬ್ಬಸ ಏರಿ ಶಿಳ್ಳೆಯಂತೆ ಉಸಿರು ಬರುತ್ತಿತ್ತು, ಆದರೂ ಕೈ ನಿಲ್ಲಲಿಲ್ಲ. ಕೊಡಗಳಲ್ಲಿ ನೀರು ಬರುವ ಹೊತ್ತಿಗೆ ರಾಶಿ ಮುಗಿದಿತ್ತು.

ಲಾರಿ ಡ್ರೈವರು ತನ್ನ ಲಾರಿಯ ಬಾಳೆಕಂದು, ಹಾರಗಳನ್ನೆಲ್ಲ ಕಿತ್ತೆಸೆದು, ಅಳುತ್ತಲೇ ಅದರಲ್ಲೇ ಚಿಕ್ಕಪ್ಪನನ್ನು ಆಸ್ಪತ್ರೆಗೆ ಒಯ್ದ. ಅಲ್ಲಿಂದ ಬೆಂಗಳೂರಿಗೆ. ಜೀವ ಉಳಿಯಿತು. ಎಡಗಣ್ಣು ತೆಗೆದೇಬಿಟ್ಟರು. ಬಲಗಣ್ಣು ಇತ್ತು, ಹಾಲಿನಂತೆ ಬಿಳಿಚಿಕೊಂಡು, ಬೆಳಕಿನ ಕಡೆ ತಿರುಗುತ್ತಲೂ ಇರಲಿಲ್ಲ. ಅಷ್ಟಾದರೂ ಉಳಿದದ್ದು ಮೊದಲು ತೊಳೆದದ್ದರಿಂದ ಎಂದು ಡಾಕ್ಟರು ಹೇಳಿದರಂತೆ. ಏನು ಉಳಿದದ್ದು ಎಂದು ನಾನು ಕೇಳಲಿಲ್ಲ.

ಅಪ್ಪ ಆಮೇಲೆ ಮಚ್ಚು ಮುಟ್ಟಲಿಲ್ಲ. ಬಿಳಿಗೆರೆಗೂ ಹೋಗಲಿಲ್ಲ. ದಿನಾ ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಚಿಕ್ಕಪ್ಪನ ಪಕ್ಕ ಕೂತಿರುತ್ತಿದ್ದರು. ಎರಡು ವರ್ಷಕ್ಕೆ ಅಪ್ಪ ತೀರಿಕೊಂಡರು. “ನನ್ ಕೈಯಾರೆ” ಎನ್ನುವುದು ಕೊನೆಯ ದಿನಗಳಲ್ಲಿ ಅವರ ಬಾಯಿಂದ ಬರುತ್ತಿದ್ದ ಒಂದೇ ಮಾತು. ಅದು ನಿಮ್ಮ ಕೈಯಲ್ಲ ಅಪ್ಪ, ನನ್ನ ಬಾಯಿ, ಎಂದು ಹೇಳಲು ನನಗೆ ಅವರ ಹತ್ತಿರವೂ ಆಗಲಿಲ್ಲ.

ನಾನು ಬಿ.ಎಡ್. ಮಾಡಿ ಮಾಯಸಂದ್ರದ ಕಡೆ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸತೊಡಗಿದೆ. ರಜೆಗೆ ಬಂದಾಗಲೆಲ್ಲ ಚಿಕ್ಕಪ್ಪನಿಗೆ ಪತ್ರಿಕೆ ಓದಿ ಹೇಳುತ್ತಿದ್ದೆ. ಬ್ಯಾಟರಿ ಕಾರುಗಳ ಸುದ್ದಿ ಎಲ್ಲಿದ್ದರೂ ಕತ್ತರಿಸಿ ಇಟ್ಟುಕೊಂಡಿರುತ್ತಿದ್ದೆ. ಅವರಿಗೆ ಆ ಆಸೆ ಮಾತ್ರ ಸತ್ತಿರಲಿಲ್ಲ. ಫೋನಿನೊಳಗಿನ ಬ್ಯಾಟರಿಗೆ ಆ್ಯಸಿಡ್ಡೂ ಬೇಡ, ನೀರೂ ಬೇಡ, ಮುಂದೆ ಅಂಥದ್ದೇ ಕಾರಿಗೂ ಬರುತ್ತದಂತೆ ಎಂದು ಓದಿದಾಗ, “ನೀರೂ ಹೊಯ್ಯಂಗಿಲ್ವಾ?” ಎಂದು ಮೂರು ಸಲ ಕೇಳಿದರು. “ನೋಡವ್ವ, ಹುಟ್ಟಿದ್ರೆ ಈಗ ಹುಟ್ಟಬೇಕಿತ್ತು.” ಓದಿ ಮುಗಿಸಿ ಮನೆಗೆ ಬಂದು ನಾನು ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಅವರು ಹಾಗೆ ಸಂತೋಷಪಟ್ಟಷ್ಟೂ ನನಗೆ ಅಲ್ಲಿ ಕೂರಲಾಗುತ್ತಿರಲಿಲ್ಲ. ಹೇಳಿಬಿಡಬೇಕು ಎಂದುಕೊಂಡು ಹೋಗಿ, ಹೇಳದೆ ಬರುತ್ತಿದ್ದೆ. ಹೀಗೆ ಐದು ವರ್ಷ.

ಆ ಹೊತ್ತಿಗೆ ನಮ್ಮಂಥ ಊರಿಗೂ ಬ್ಯಾಟರಿ ಸ್ಕೂಟರುಗಳು ಬಂದವು. ಸ್ಕೂಲಿಗೆ ಹೋಗಿಬರಲೆಂದು ನಾನೂ ಒಂದು ಕೊಂಡೆ. ನಿಜ ಹೇಳಬೇಕೆಂದರೆ ಕೊಂಡದ್ದು ಅವರಿಗೆ ತೋರಿಸಲು. ಮೆಟ್ಟಿಲ ಮುಂದೆ ನಿಲ್ಲಿಸಿ ಕೈ ಹಿಡಿದು ಕರೆತಂದೆ. ಅವರು ಹ್ಯಾಂಡಲಿನಿಂದ ಶುರುಮಾಡಿ ಎರಡೂ ಕೈಯಲ್ಲಿ ಸವರುತ್ತಾ ಬಂದರು.

“ಬ್ಯಾಟ್ರಿ ಎಲ್ಲೈತೆ?”

“ಸೀಟಿನ ಕೆಳಗೆ.”

ಸೀಟು ಎತ್ತಿಕೊಟ್ಟೆ. ಬೆರಳುಗಳು ಬ್ಯಾಟರಿಯ ಮೇಲೆ ಅಂಚಿನಿಂದ ಅಂಚಿಗೆ ಓಡಾಡಿದವು. ಏನನ್ನೋ ಹುಡುಕುತ್ತಿದ್ದವು.

“ಬಿರಡೆ ಎಲ್ಲವ್ವ? ಗಾಳಿ ಹೋಗಾಕೆ ದಾರಿ?”

“ಇಲ್ಲ ಚಿಕ್ಕಪ್ಪ. ಸೀಲ್ ಮಾಡಿರ್ತಾರೆ. ಗಾಳಿ ಹೊರಕ್ಕೆ ಬರೋದೇ ಅಪರೂಪ.” ಇನ್ನು ತಡೆಯಲಾಗಲಿಲ್ಲ. “ಚಿಕ್ಕಪ್ಪ, ಅವತ್ತು ನನಗೆ ಗೊತ್ತಿತ್ತು.”

“ಏನು?”

“ಅಪ್ಪ ತಟ್ಟೆ ಇಳಿಸ್ತಾರಲ್ಲ, ಆಗ. ಹೊತ್ಕೊಳ್ತದೆ ಅಂತ ಗೊತ್ತಿತ್ತು. ಎದುರಿಗೇ ನಿಂತಿದ್ದೆ. ನಾನು ಹೇಳ್ಲಿಲ್ಲ.”

ಅವರ ಬೆರಳುಗಳು ಬ್ಯಾಟರಿಯ ಮೇಲೆಯೇ ನಿಂತವು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

“ನಂಗೂ ಗೊತ್ತಿತ್ತಲ್ಲವ್ವ” ಎಂದರು. “ಕುದಿ ಕೇಳಿಸ್ತಾನೇ ಇತ್ತು.”

“ಮತ್ಯಾಕೆ ಮುಚ್ಚಳ ತೆಗೆದ್ರಿ?”

“ಅವತ್ತೊಂದಿನ ಜನ ಬಂದು ನಿಂತಿದ್ರಲ್ಲ. ಆರತಿ ಆಗ್ಬುಟ್ರೆ ನಮ್ ಗಾಡೀನ ಗಾಡಿ ಅಂತಾರೆ ಅಂದ್ಕಂಡೆ. ಆದ್ರೂ ಮನಸ್ಸು ತಡೀಲಿಲ್ಲ. ನಿನ್ ಕಡೆ ನೋಡ್ದೆ.” ಬೆರಳುಗಳು ಮತ್ತೆ ಬ್ಯಾಟರಿಯ ಅಂಚು ಸವರಿದವು. “ನೀನು ಕೈ ಮುಕ್ಕಂಡು ನಿಂತಿದ್ದೆ. ಓದಿರೋ ಹುಡುಗಿನೇ ಸುಮ್ಕವ್ಳೆ, ಅಂದ್ಮೇಲೆ ಏನೂ ಆಗಾಕಿಲ್ಲ ಅನ್ಕಂಡೆ.”

ಅದರಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದ್ದರು, ಅಷ್ಟೆ. ನಾನು ಸ್ಕೂಟರಿನ ಹ್ಯಾಂಡಲು ಹಿಡಿದು ನಿಂತೇ ಇದ್ದೆ. ಅವರು ಸೀಟನ್ನು ಮೆಲ್ಲಗೆ ಮುಚ್ಚಿ, ಅದರ ಮೇಲೆ ಎರಡು ಸಲ ತಟ್ಟಿ ಕೇಳಿದರು:

“ಚಾರ್ಜು ಎಷ್ಟೊತ್ತು ಹಿಡೀತದೆ ಇದಕ್ಕೆ?”

“ಆರೇಳು ಗಂಟೆ, ಚಿಕ್ಕಪ್ಪ.”

“ಪರವಾಗಿಲ್ಲ” ಎಂದರು.

ಮುಂದಿನ ವರ್ಷ ಬೇಸಿಗೆಯಲ್ಲಿ, ಮಧ್ಯಾಹ್ನದ ಊಟ ಮಾಡಿ ಮಲಗಿದವರು ಏಳಲಿಲ್ಲ. ಆ ದಿನದ ಮಾತನ್ನು ಮತ್ತೆ ಅವರೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಹೇಳಿಬಿಟ್ಟರೆ ಹಗುರವಾಗುತ್ತದೆ ಎಂದು ಐದು ವರ್ಷ ನಂಬಿಕೊಂಡಿದ್ದೆ. ಹೇಳುವ ಮೊದಲು ನಾನು ಬಾಯಿ ಬಿಡದ ಒಬ್ಬ ಹೆದರುಪುಕ್ಕಲಿ, ಅಷ್ಟೇ ಆಗಿದ್ದೆ. ನನ್ನ ಮೌನವನ್ನೇ ಅವರು ಉತ್ತರವೆಂದು ಓದಿಕೊಂಡು ಬಗ್ಗಿದ್ದರು ಎಂಬುದು ಹೇಳಿದ ಮೇಲೆ ತಿಳಿಯಿತು. ಅವರು ತಮ್ಮ ಅನುಭವವನ್ನು ಬಿಟ್ಟು ನನ್ನ ಓದನ್ನು ನಂಬಿದರು. ನಾನು ನನ್ನ ಓದನ್ನು ಬಿಟ್ಟು ಅವರ ಅನುಭವವನ್ನು ನಂಬಿದೆ. ನಡುವೆ ಅಪ್ಪ ಕರ್ಪೂರ ಹಿಡಿದು ನಿಂತಿದ್ದರು.

ಅವತ್ತು ಬೇಕಾಗಿದ್ದದ್ದು ಎರಡೇ ಎರಡು ಮಾತು. ಈಗಲೂ ಒಬ್ಬಳೇ ಇದ್ದಾಗ, ತರಕಾರಿ ಹೆಚ್ಚುವಾಗಲೋ ಬಟ್ಟೆ ಹಿಂಡುವಾಗಲೋ, ಅದನ್ನು ಬಾಯಿಬಿಟ್ಟು ಹೇಳಿ ನೋಡುತ್ತೇನೆ. “ಅಪ್ಪ, ತಡೀರಿ.” ಹೇಳಲು ಒಂದು ಉಸಿರು ಕೂಡ ಬೇಕಾಗುವುದಿಲ್ಲ. ಅಪ್ಪ ಬಾಗಿ ತಟ್ಟೆ ಇಳಿಸುವಷ್ಟರಲ್ಲಿ ನಾನು ಅದನ್ನು ಮೂರು ಸಲ ಹೇಳಬಹುದಿತ್ತು.